ಸಲ್ಫೇಟ ಉಂಡ ಬಜೆ

ಹೊಟ್ಟೆಕಿಚ್ಚಿನವಳು ಆಡಿದ ಮಾತು ಸುಳ್ಳೇ ಆಗಿರಬೇಕೆಂಬ ನಿಯಮ ಯಾವ ತರ್ಕಶಾಸ್ತ್ರದಲ್ಲೂ ಇಲ್ಲ. ಅಣ್ಣನ ಹೆಂಡತಿಯ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು. ಅವಳು ಸಲ್ಫೇಟ ಹಾಕಿ ಬೆಳೆದ ಬಜೆಯಲ್ಲಿ ಖಾರ ಕಡಿಮೆಯಿತ್ತು. ಇವು ಎರಡು ಬೇರೆ ಬೇರೆ ಸಂಗತಿಗಳು, ಎರಡೂ ನಿಜ. ಆದರೆ ನಮ್ಮ ಮನೆಯ ಹೆಂಗಸರಿಗೆ ಮೊದಲನೆಯದು ಎಷ್ಟು ಚೆನ್ನಾಗಿ ಕಾಣುತ್ತಿತ್ತೆಂದರೆ, ಎರಡನೆಯದರ ಕಡೆ ಅವರು ತಿರುಗಿಯೂ ನೋಡಲಿಲ್ಲ.

ನಮ್ಮ ಊರು ಗಡಹಿಂಗ್ಲಜ. ಮುಂದೆ ಅಪ್ಪ ಮತ್ತು ಅಣ್ಣ ನಡೆಸುವ ಬೆಲ್ಲ, ಮೆಣಸಿನಕಾಯಿಯ ಅಡತಿ ಅಂಗಡಿ, ಅದರ ಹಿಂದೆ ಮನೆ, ಮನೆಯ ಹಿಂದೆ ಬಾವಿ. ಬಾವಿಯ ಕಟ್ಟೆಯಿಂದ ಬಚ್ಚಲಿನವರೆಗೆ ಯಾವಾಗಲೂ ಕೆಸರಾಗಿರುವ ಒಂದು ತುಂಡು ನೆಲವಿತ್ತು. ಅಲ್ಲಿ ಅವ್ವ ಬಜೆ ಹಚ್ಚಿದ್ದಳು. ಮೇಲೆ ಕತ್ತಿಯಂಥ ಎಲೆ, ಕೆಳಗೆ ಗಂಟುಗಂಟಾದ ಬೇರು. ಎಲೆ ಹಳದಿಯಾದ ಮೇಲೆ ಅಗೆದು, ತೊಳೆದು, ಮಾಳಿಗೆಯ ಮೇಲೆ ಒಣಗಿಸಿದರೆ ಅದು ಕಟ್ಟಿಗೆಯ ಹಾಗೆ ಗಟ್ಟಿಯಾಗುತ್ತಿತ್ತು. ಮನೆಯಲ್ಲಿ ಯಾವ ಮೂಲೆಯಲ್ಲಿಟ್ಟರೂ ಅದರ ವಾಸನೆ ತಾನೇ ಬಂದು ಹೇಳುತ್ತಿತ್ತು, ನಾನಿಲ್ಲಿದ್ದೇನೆ ಅಂತ.

ಬಜೆ ಬೇಕಾಗುತ್ತಿದ್ದದ್ದು ಗುಟಿಗೆ. ನಮ್ಮ ಕಡೆ ಹಸುಗೂಸಿಗೆ ಗುಟಿ ಹಾಕದ ಮನೆಯಿಲ್ಲ, ಲಿಂಗಾಯತರಾಗಲಿ ಮರಾಠರಾಗಲಿ. ಸಣ್ಣ ಸಾಣೆಕಲ್ಲಿನ ಮೇಲೆ ತಾಯಿಯ ಎದೆಹಾಲಿನ ನಾಲ್ಕು ಹನಿ ಬಿಟ್ಟು, ಒಣಗಿದ ಬೇರು ಕಾಯಿಗಳನ್ನು ಒಂದೊಂದಾಗಿ ತೇಯ್ದು, ಬೆರಳಿನಿಂದ ಬಳಿದು ಕೂಸಿನ ನಾಲಿಗೆಗೆ ಸವರುವುದು. ಇದಕ್ಕೆ ಚಮಚೆಯ ಅಳತೆಯಿಲ್ಲ, ತೂಕವಿಲ್ಲ. ಅಳತೆಯೆಂದರೆ ಕಲ್ಲಿನ ಮೇಲೆ ತೇಯುವ ಸುತ್ತು. ಅಳಲೆಕಾಯಿ ಇಷ್ಟು ಸುತ್ತು, ಜಾಯಿಕಾಯಿ ಇಷ್ಟು, ಬಜೆ ಇಷ್ಟು. ಕೂಸು ಬೆಳೆದ ಹಾಗೆ ಸುತ್ತು ಹೆಚ್ಚುತ್ತದೆ. ಹೊಟ್ಟೆ ಉಬ್ಬಿದರೆ ಬಜೆಗೆ ಒಂದು ಸುತ್ತು ಜಾಸ್ತಿ. ಕೊಲ್ಹಾಪುರದ ಡಾಕ್ಟರರು ಹಸುಗೂಸಿಗೆ ಇದೆಲ್ಲ ಬೇಡವೆನ್ನುತ್ತಾರೆ, ಈಗ ನಾನೂ ಅವರ ಪಕ್ಷವೇ. ಆದರೆ ಆ ವರ್ಷ ನಮ್ಮ ಮನೆಯಲ್ಲಿ ಎದ್ದ ಪ್ರಶ್ನೆ ಅದಾಗಿರಲಿಲ್ಲ.

ಓಣಿಯಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ಮೊದಲ ಗುಟಿ ಅವ್ವನ ಕೈಯಿಂದ. ಪಡಸಾಲೆಯಲ್ಲಿ ಮಣೆ ಹಾಕಿಕೊಂಡು, ಕಾಲು ಚಾಚಿ, ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು ಅವ್ವ ತೇಯಲು ಕೂತರೆ, ನಾವೆಲ್ಲ ಚಿಕ್ಕಮ್ಮನೆಂಬಂತೆ ಮಾವಶಿ ಎಂದು ಕರೆಯುತ್ತಿದ್ದ ಆಚೆ ಮನೆಯ ಬಾಯಿಬಡುಕಿಯೂ ಸುಮ್ಮನಾಗುತ್ತಿದ್ದಳು. ಅಲ್ಲಿ ನನಗೂ ಒಂದು ಹುದ್ದೆಯಿತ್ತು. ಅವ್ವ ದಿನಾ ಹಲ್ಲಿಗೆ ಮಿಶ್ರಿ ತಿಕ್ಕುವವಳು. ಸುಟ್ಟ ತಂಬಾಕಿನ ಆ ಪುಡಿಯಿಂದ ಅವಳ ನಾಲಿಗೆ ಮೊಂಡಾಗಿತ್ತು. ಅದಕ್ಕೇ ಪ್ರತಿವರ್ಷ ಹೊಸ ಬಜೆ ಒಣಗಿದಾಗ ಒಂದು ಚೂರು ಮುರಿದು ನನ್ನ ಬಾಯಿಗೆ ಹಾಕುತ್ತಿದ್ದಳು. "ಹೇಳು, ಹ್ಯಾಂಗೈತಿ?" ನನ್ನ ಕಣ್ಣಲ್ಲಿ ನೀರು ಬಂದರೆ ಬೇರು ಪಾಸು. ಬರದಿದ್ದರೆ ಇನ್ನೊಂದು ವಾರ ಬಿಸಿಲು. ಆ ಕೆಲಸಕ್ಕೆ ಅಕ್ಕನನ್ನು ಎಂದೂ ಕರೆದಿರಲಿಲ್ಲ. ಅಕ್ಕ ಖಾರಕ್ಕೆ ಬಿಕ್ಕಿ ಅಳುತ್ತಿದ್ದಳು, ನಾನು ಕಣ್ಣು ಒರೆಸಿಕೊಂಡು ಉತ್ತರ ಕೊಡುತ್ತಿದ್ದೆ.

ನಾನು ಕೊಲ್ಹಾಪುರದ ಕಾಲೇಜಿಗೆ ಹೋಗಿ ಚರ್ಚಾಸ್ಪರ್ಧೆಗಳಲ್ಲಿ ಮಾತಾಡತೊಡಗಿದ ವರ್ಷವೇ ಅಣ್ಣನ ಮದುವೆಯಾಯಿತು. ಅಣ್ಣನ ಹೆಂಡತಿಗೆ ನಾವು ವೈನಿ ಎನ್ನುತ್ತೇವೆ, ಅವಳ ತವರು ಉದಗಾಂವ, ಕೃಷ್ಣೆಯ ದಂಡೆಯ ಕಬ್ಬಿನವರು. ಅವರ ಮನೆಯಲ್ಲಿ ಅಮೋನಿಯಂ ಸಲ್ಫೇಟಿನ ಚೀಲ ಜೋಳದ ಚೀಲದ ಪಕ್ಕದಲ್ಲೇ ಇರುತ್ತಿತ್ತು. ಸಕ್ಕರೆಯಂತೆ ಬೆಳ್ಳಗಿನ ಆ ಗೊಬ್ಬರಕ್ಕೆ ಎಲ್ಲರೂ ಬರೀ ಸಲ್ಫೇಟ ಎನ್ನುತ್ತಿದ್ದರು. ಯಾವುದು ಬಿಳಿಚಿಕೊಂಡಿದೆಯೋ ಅದಕ್ಕೊಂದು ಹಿಡಿ ಎಸೆಯುವುದು ಅವರ ಮನೆತನದ ಚಟ. ಒಮ್ಮೆ ತವರಿಗೆ ಹೋದವಳು ಗಂಟು ಕಟ್ಟಿಕೊಂಡು ಬಂದು ನಮ್ಮ ಬಜೆಗೆ ಎಸೆದಳು. ಮತ್ತೆ ಮಳೆ ಹತ್ತಿದಾಗ ಇನ್ನೊಮ್ಮೆ.

ದೀಪಾವಳಿಗೆ ನಾನು ಬಂದಾಗ ಬಚ್ಚಲ ಹಿಂದೆ ಕಾಡು ಬೆಳೆದಿತ್ತು. ಎಲೆ ಕಪ್ಪುಹಸಿರು, ನನ್ನ ಸೊಂಟದವರೆಗೆ. ಆ ಹೊತ್ತಿಗೆ ಹಳದಿಯಾಗಿ ಬಾಗಬೇಕಾದದ್ದು ಇನ್ನೂ ನೆಟ್ಟಗೆ ನಿಂತಿತ್ತು. ಅವ್ವ ಓಣಿಯವರನ್ನೆಲ್ಲ ಕರೆದು ತೋರಿಸಿದ್ದಳಂತೆ. ಬೇರು ಅಗೆದರೆ ಒಂದೊಂದು ಹೆಬ್ಬೆರಳಿನಷ್ಟು ದಪ್ಪ.

"ಸೊಸಿ ಕೈಗುಣ ನೋಡು" ಎಂದಳು ಅವ್ವ.

"ಕೈಗುಣ ಅಲ್ಲವಾ, ಸಲ್ಫೇಟದ ಗುಣ" ಎಂದೆ.

"ಸಲ್ಫೇಟ ತಾನ ನಡಕೋತ ಬಂತೇನು? ಕೈಯಾಗ ಹಿಡಕೊಂಡು ಬಂದಾಕಿ ಯಾರು?"

ಸರಿಯಾದ ಪ್ರತಿವಾದವೇ. ಆದರೆ ಬೇರು ಒಣಗಿದ ಮೇಲೆ ಅವ್ವ ಒಂದು ಚೂರು ಮುರಿದಳು, ಕೈ ಚಾಚಿದಳು, ಆ ಕೈ ನನ್ನನ್ನು ದಾಟಿ ಹೋಯಿತು. ನನ್ನ ಬಾಯಿ ಅರ್ಧ ತೆರೆದೇ ಇತ್ತು. ಚೂರು ವೈನಿಯ ಬಾಯಿಗೆ ಬಿತ್ತು. ವೈನಿ ಜಗಿದು, ತಲೆಯಾಡಿಸಿ, "ಚಲೋ ಐತಿ ಬಿಡ್ರಿ, ಅತ್ತಿ" ಎಂದಳು.

"ಅವ್ವಾ, ನನ್ನ ನಾಲಿಗಿ ಊರಿಗೆ ಬಂದೈತಿ, ಕಾಣವಲ್ಲದೇನು?"

"ನಿನ್ನ ನಾಲಿಗಿ ಈಗ ಭಾಷಣಕ್ಕ ಬೇಕವ್ವ. ಅದನ್ನ ಯಾಕ ಸುಟಗೋತಿ?"

ಬಾವಿಯ ಕಟ್ಟೆಯ ಮೇಲೆ ಕೂತಿದ್ದ ಮಾವಶಿ ನಕ್ಕಳು. ವೈನಿ ನಗಲಿಲ್ಲ, ತಲೆ ತಗ್ಗಿಸಿದಳು. ನಕ್ಕಿದ್ದರೆ ನನಗೆ ಅಷ್ಟು ಉರಿಯುತ್ತಿರಲಿಲ್ಲ.

ಅವಳು ಎದ್ದು ಹೋದ ಮೇಲೆ ನಾನೇ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡೆ. ಹಸಿ ಗೆಣಸು ಜಗಿದ ಹಾಗಿತ್ತು. ಖಾರ ಎಲ್ಲೋ ದೂರದಲ್ಲಿ ನಿಂತು, ಬರಲೋ ಬೇಡವೋ ಎಂದು ಯೋಚಿಸುತ್ತಿತ್ತು. ನನಗೆ ಸಂತೋಷವಾಯಿತು. ಎಷ್ಟು ಸಂತೋಷವೆಂದರೆ, ಆ ಸಂತೋಷವೇ ನನ್ನ ಸಾಕ್ಷ್ಯವನ್ನು ಕೆಡಿಸುತ್ತದೆಂದು ಆಗಲೇ ಗೊತ್ತಾಯಿತು.

ವಿಷಯ ಬರೀ ಒಂದು ಚೂರಿನದಾಗಿರಲಿಲ್ಲ. ಅವ್ವನ ಬಲಗೈ ಮಣಿಕಟ್ಟು ಹಿಡಿದುಕೊಳ್ಳುತ್ತಿತ್ತು. ತೇಯಲು ಆಗುತ್ತಿರಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಸಾಣೆಕಲ್ಲನ್ನು ಬೇರೆಯವರ ಕೈಗೆ ಕೊಡುತ್ತೇನೆ ಎಂದಿದ್ದಳು. ಯಾರ ಕೈಗೆ ಎಂದು ಹೇಳಿರಲಿಲ್ಲ. ಅವಳ ಅತ್ತೆ ಅವಳಿಗೆ ಕೊಟ್ಟಿದ್ದರು. ಹಾಗಾಗಿ ಸೊಸೆಗೆ ಹೋಗಬೇಕೆಂದು ಎಲ್ಲರೂ ತಿಳಿದಿದ್ದರು. ಮಗಳು ಮದುವೆಯಾಗಿ ಎಲ್ಲಿಗೆ ಹೋಗುತ್ತಾಳೋ, ಓಣಿಯ ಕೂಸುಗಳು ಅವಳ ಹಿಂದೆ ಹೋಗಲಿಕ್ಕಾಗುತ್ತದೆಯೇ ಎಂಬುದು ಮಾವಶಿಯ ವಾದ. ಒಂದು ಗೊತ್ತುವಳಿಯ ಪರವಾಗಿ ಮಾತಾಡಿ, ಮರುದಿನ ಅದರ ವಿರುದ್ಧವೂ ಮಾತಾಡುವುದನ್ನು ನಾನು ಕಾಲೇಜಿನಲ್ಲಿ ಕಲಿತಿದ್ದೆ. ಇದೊಂದರಲ್ಲಿ ಮಾತ್ರ ನನಗೆ ಒಂದೇ ಪಕ್ಷವಿತ್ತು. ಆ ಕಲ್ಲು ನನ್ನದು. ಅದರ ಮುಂದೆ ನಾಲಿಗೆ ಸುಟ್ಟುಕೊಂಡವಳು ನಾನು.

ಅಷ್ಟರಲ್ಲಿ ಅಕ್ಕ ಬಾಣಂತನಕ್ಕೆ ಬಂದಳು. ಅವಳನ್ನು ಕೊಟ್ಟದ್ದು ಇಚಲಕರಂಜಿಯ ಮಗ್ಗದವರ ಮನೆಗೆ. ಹಗಲು ರಾತ್ರಿ ಖಟಖಟ ಸದ್ದಿನ ನಡುವೆ ಇದ್ದವಳಿಗೆ ನಮ್ಮ ಮನೆಯ ಶಾಂತಿಯಲ್ಲಿ ನಿದ್ದೆ ಬರುತ್ತಿರಲಿಲ್ಲ, ಕೂಸು ಹುಟ್ಟಿದ ಮೇಲೆ ಆ ತೊಂದರೆ ತಪ್ಪಿತು. ಗಂಡು ಕೂಸು, ಸಂಜೆಯಾದರೆ ಹೊಟ್ಟೆ ಬಿಗಿದು ಚೀರುತ್ತಿತ್ತು. ಸಂಕ್ರಾಂತಿಗೆ ನಾನು ಬಂದು ಪಡಸಾಲೆಗೆ ಕಾಲಿಟ್ಟಾಗ ಮಣೆಯ ಮೇಲೆ ವೈನಿ ಕೂತಿದ್ದಳು. ಕಾಲ ಮೇಲೆ ಅಕ್ಕನ ಕೂಸು, ಕೈಯಲ್ಲಿ ದಪ್ಪ ಬಜೆ, ಮುಂದೆ ನನ್ನ ಕಲ್ಲು.

"ಸದ್ಯಕ್ಕಷ್ಟ ನೀ ತೇಯಿ ಅಂತ ಹೇಳ್ಯಾರ್ರಿ ಅತ್ತಿ" ಎಂದಳು ನನ್ನ ಮುಖ ನೋಡಿ. "ಅವರ ಕೈ ಏಳವಲ್ಲದು, ವನ್ಸಂ." ಗಂಡನ ತಂಗಿಯನ್ನು ಮರಾಠಿ ಮನೆಗಳಲ್ಲಿ ಕರೆಯುವಂತೆ ಅವಳು ನನ್ನನ್ನು ವನ್ಸಂ ಎನ್ನುತ್ತಿದ್ದಳು.

ಮೂರು ದಿನ ನೋಡಿದೆ. ಗುಟಿ ಹಾಕಿದ ಮೇಲೆ ಕೂಸು ಒಂದು ಸಂಜೆ ಮಲಗುತ್ತಿತ್ತು, ಇನ್ನೊಂದು ಸಂಜೆ ಚೀರುತ್ತಿತ್ತು. ಇದರಿಂದ ಏನೂ ಸಾಬೀತಾಗುವುದಿಲ್ಲ, ಎಲ್ಲ ಕೂಸುಗಳೂ ಹಾಗೇ. ಅದಕ್ಕೇ ಬೇರನ್ನೇ ಪರೀಕ್ಷಿಸೋಣ ಎಂದು ನಾನು ಎಲ್ಲರೆದುರಿಗೆ ಹೇಳಿದೆ. ಬಚ್ಚಲ ಗೋಡೆಯ ಬುಡದಲ್ಲಿ ವೈನಿಯ ಸಲ್ಫೇಟ ಮುಟ್ಟದ ನಾಲ್ಕು ಗಿಡ ಉಳಿದಿದ್ದವು. ಅವುಗಳ ಸಣಕಲು ಬೇರೂ ಮಾಳಿಗೆಯ ಮೇಲೆ ಒಣಗಿತ್ತು. ಎರಡು ಬೇರು, ಒಂದೇ ಕಲ್ಲು, ಒಂದೇ ಅಳತೆಯ ನೀರು, ಸಮ ಸುತ್ತು. ಯಾವುದು ಯಾವುದೆಂದು ಹೇಳದೆ ಎರಡು ಬಟ್ಟಲಲ್ಲಿ ಕೊಡುವುದು. ತೀರ್ಪುಗಾರರು ಅಕ್ಕ ಮತ್ತು ಮಾವಶಿ.

ಮಾವಶಿ ಸೆರಗು ಸರಿಮಾಡಿಕೊಂಡು ಕೂತಳು. "ಕಾಯ್ ಗ ಪೋರಿ, ಭಾಂಡಾಯ್ಲಾ ಆಲೀಸ್ ಕೀ ಸಣಾಲಾ?" ಜಗಳಕ್ಕೆ ಬಂದೆಯೋ ಹಬ್ಬಕ್ಕೋ ಎಂದು ಕೇಳುತ್ತ ಬೆರಳು ಅದ್ದಿ ನೆಕ್ಕಿದಳು. ಅಕ್ಕನೂ ನೆಕ್ಕಿದಳು. ಇಬ್ಬರೂ ಒಂದೇ ಬಟ್ಟಲು ತೋರಿಸಿದರು. "ಇದು ಜಾಸ್ತಿ ಖಾರ."

ಅದು ವೈನಿಯ ಬಜೆ.

ನಾನೂ ನೆಕ್ಕಿ ನೋಡಿದೆ. ಹೌದು, ಅದೇ ಖಾರ. ಕೊಲ್ಹಾಪುರದಲ್ಲಿ ನೂರಾರು ಜನರೆದುರು ಸೋತು ಎದುರಾಳಿಯ ಕೈ ಕುಲುಕಿದ್ದೇನೆ. ಅಂದು ಮತ್ತೊಮ್ಮೆ ಬೆರಳು ಅದ್ದಿ ನೆಕ್ಕಿದೆ.

"ಕಲ್ಲೂ ಒಂದ, ನೀರೂ ಒಂದ, ತೇದಾಕಿನೂ ನೀವ" ಎಂದಳು ವೈನಿ ಮೆತ್ತಗೆ. "ನನ್ನ ಮ್ಯಾಲ ಏನೂ ಬರಂಗಿಲ್ಲ ನೋಡ್ರಿ, ವನ್ಸಂ."

"ಓದಿದಾಕಿ ಸೋತ್ರ ಭಾಳ ಚಂದ ಕಾಣ್ತಾಳ" ಎಂದು ಅಕ್ಕ ಕೂಸನ್ನು ಎತ್ತಿಕೊಂಡಳು. ಅವ್ವ ಕಲ್ಲು ತೊಳೆದು ವೈನಿಯ ಪಕ್ಕದಲ್ಲಿಟ್ಟಳು. ತೀರ್ಪು ಅದೇ ಎಂದು ನನಗೆ ಅನಿಸಿತು.

ಕೊಲ್ಹಾಪುರಕ್ಕೆ ಮರಳಿ ಎಷ್ಟೋ ದಿನ ನಾನು ಅದನ್ನೇ ಜಗಿದೆ. ನನ್ನ ನಾಲಿಗೆ ದೀಪಾವಳಿಯಲ್ಲಿ ಸಪ್ಪೆ ಎಂದದ್ದು ಸಂಕ್ರಾಂತಿಯಲ್ಲಿ ಖಾರ ಹೇಗಾಯಿತು? ನಾಲಿಗೆ ಸುಳ್ಳೋ, ಪರೀಕ್ಷೆ ಸುಳ್ಳೋ? ಸಸ್ಯಶಾಸ್ತ್ರ ಕಲಿಸುವ ಅಧ್ಯಾಪಕಿಯವರನ್ನು ಕೇಳಿದೆ. ಸಲ್ಫೇಟದಲ್ಲಿರುವುದು ಸಾರಜನಕ, ಅದು ಧಾರಾಳವಾಗಿ ಸಿಕ್ಕರೆ ಗಿಡ ಎಲೆ, ಮೈ ಬೆಳೆಸುವ ಅವಸರಕ್ಕೆ ಬೀಳುತ್ತದೆ ಎಂದರು. ಬಜೆಯ ವಾಸನೆ, ಖಾರ ಎಲ್ಲ ಅದರ ಎಣ್ಣೆಯಲ್ಲಿದೆ. ಮೈ ಬೆಳೆದಷ್ಟೇ ವೇಗದಲ್ಲಿ ಎಣ್ಣೆ ಬೆಳೆಯದಿದ್ದರೆ, ಇದ್ದ ಎಣ್ಣೆಯೇ ದೊಡ್ಡ ಮೈಯಲ್ಲಿ ಹರಡಿ ತೆಳುವಾಗುತ್ತದೆ. "ಆದರೆ ಎಲ್ಲ ಗಿಡಕ್ಕೂ ಹೀಗೇ ಅಂತ ಎಲ್ಲಿಯೂ ಹೇಳಬೇಡ" ಎಂದೂ ಸೇರಿಸಿದರು. "ಕೆಲವಕ್ಕೆ ಗೊಬ್ಬರದಿಂದ ಎಣ್ಣೆಯೂ ಹೆಚ್ಚೀತು. ನೋಡದೆ ಹೇಳಲಿಕ್ಕಾಗದು." ನಾನು ಮೊದಲ ಭಾಗವನ್ನು ಮಾತ್ರ ಬರೆದುಕೊಂಡೆ. ನನಗೆ ಬೇಕಾಗಿದ್ದದ್ದು ಅದೇ.

ಉತ್ತರ ಸಿಕ್ಕದ್ದು ಹಾಸ್ಟೆಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ. ನನ್ನ ಸಾಬೂನು ನೀರಲ್ಲಿ ಬಿದ್ದು ಮೆತ್ತಗಾಗಿತ್ತು. ಪಕ್ಕದವಳದು ಒಣಗಿ ಕಲ್ಲಾಗಿತ್ತು. ಇಬ್ಬರೂ ಒಂದೇ ಸಮ ತಿಕ್ಕುತ್ತಿದ್ದೆವು. ನನ್ನ ಸೀರೆಯ ಮೇಲೆ ಸಾಬೂನು ಮುದ್ದೆಮುದ್ದೆಯಾಗಿ ಕೂತಿತ್ತು, ಅವಳದರ ಮೇಲೆ ಬರೀ ಗೆರೆ. ಕೈ ನಿಂತಿತು. ಸಮ ಸುತ್ತು ಎಂದರೆ ಸಮ ಬಜೆ ಅಲ್ಲ. ಹಸಿರಿರುವಾಗಲೇ ಅಗೆದ, ಒಳಗೆ ಬೆಂಡಿನಂತಿದ್ದ ದಪ್ಪ ಬೇರು ಸುತ್ತಿಗೆ ಅಷ್ಟಷ್ಟು ಸವೆದು ಬಟ್ಟಲು ತುಂಬಿತ್ತು. ಸಣಕಲು ಬೇರು ಗಟ್ಟಿ, ಬರೀ ಬಣ್ಣ ಬಿಟ್ಟಿತ್ತು. ನಾನು ಒಂದು ಹಿಡಿ ಸಪ್ಪೆಯನ್ನು ಒಂದು ಚಿಟಿಕೆ ಖಾರದ ಎದುರು ನಿಲ್ಲಿಸಿದ್ದೆ. ಸುತ್ತನ್ನೇ ಅಳತೆಯೆಂದು ನಂಬಿ ಬೆಳೆದ ಮನೆಯವರಲ್ಲದೆ ಬೇರೆ ಯಾರೂ ಇಂಥ ತಪ್ಪು ಮಾಡಲಾರರು.

ಶಿವರಾತ್ರಿಯ ಮರುದಿನ ಊರಲ್ಲಿದ್ದೆ. ನಮ್ಮ ಸಾಲಿನಲ್ಲೇ ಹುಪರಿಯಿಂದ ಬೆಳ್ಳಿ ಕಾಲ್ಗೆಜ್ಜೆ ತಂದು ಮಾರುವವರ ಅಂಗಡಿ. ಅವರ ಸಣ್ಣ ತಕ್ಕಡಿ ಮತ್ತು ತೂಕದ ಗುಲಗಂಜಿ ಬೇಡಿ ತಂದೆ. "ಯಾರ ಬೆಳ್ಳಿ ತೂಗ್ತೀರಿ?" ಎಂದು ಕೇಳಿದರು. "ಬೆಳ್ಳಿಯಲ್ಲರಿ, ವೈನಿಯನ್ನ" ಎಂದು ಬಾಯಿಗೆ ಬಂದಿತ್ತು, ನುಂಗಿಕೊಂಡೆ.

ಪಡಸಾಲೆಯಲ್ಲಿ ಅದೇ ಜನ. ಎರಡೂ ಬೇರನ್ನು ಕೆರೆದು ಪುಡಿ ಮಾಡಿ, ತಕ್ಕಡಿಯಲ್ಲಿ ಸಮ ತೂಗಿ, ಸಮ ನೀರಲ್ಲಿ ಕಲಸಿದೆ. ಮಾವಶಿ ಮೊದಲನೆಯ ಬಟ್ಟಲು ನೆಕ್ಕಿ ಹುಬ್ಬು ಏರಿಸಿದಳು, ಏನೂ ಆಗಲಿಲ್ಲ. ಎರಡನೆಯದನ್ನು ನೆಕ್ಕಿದವಳು ಕೆಮ್ಮತೊಡಗಿ ನೀರಿನ ತಂಬಿಗೆಗೆ ಕೈ ಚಾಚಿದಳು. ಅಕ್ಕನ ಕಣ್ಣಲ್ಲಿ ನೀರು ಇಳಿಯಿತು.

"ಇದು ಗೋಡಿ ಬುಡದ್ದು" ಎಂದೆ. "ಸಲ್ಫೇಟ ಉಣ್ಣದ್ದು."

ಆಮೇಲೆ ಎರಡೂ ಬೇರನ್ನು ಸಮ ಸುತ್ತು ತೇಯ್ದು, ಮೊದಲು ಎಷ್ಟಿತ್ತು, ಈಗ ಎಷ್ಟಿದೆ ಎಂದು ತೂಗಿ ತೋರಿಸಿದೆ. ಮೊದಲಿನ ತೂಕದ ಎದುರು ದಪ್ಪ ಬೇರಿನ ತಟ್ಟೆ ಮೇಲೆದ್ದಿತು, ಸಣಕಲಿನದು ಹೆಚ್ಚು ಅಲುಗಲಿಲ್ಲ. ಅವ್ವ ಮುಂದೆ ಬಾಗಿ ಬಹಳ ಹೊತ್ತು ತಕ್ಕಡಿಯನ್ನೇ ನೋಡಿದಳು.

"ಅಂದ್ರ ಇಷ್ಟು ದಿನ ನಾ ಹೇಳಿದ ಸುತ್ತು ಇದಕ್ಕ ಹೊಂದೂದಿಲ್ಲ."

"ಹೌದವಾ. ನಿನ್ನ ಸುತ್ತು ನಿನ್ನ ಬಜಿಗೆ. ಇದಕ್ಕಲ್ಲ."

ವೈನಿ ಎಲ್ಲ ಕೇಳಿಸಿಕೊಂಡಳು. ಎದುರಾಳಿ ಮುಗಿದಳೆಂದು ನಾನು ತಿಳಿದಾಗಲೇ ಬಾಯಿ ತೆರೆದಳು. "ಆದ್ರ ವನ್ಸಂ, ಸಪ್ಪಗ ಐತಿ ಖರೆ, ಸುತ್ತಿಗೆ ಜಾಸ್ತಿನೂ ಸವೀತೈತಿ. ಹಂಗಾದ್ರ ಕೂಸಿನ ಹೊಟ್ಟಿಗೆ ಹೋಗೂದು ಅಷ್ಟಕ್ಕಷ್ಟ ಆತಲ್ರಿ? ಮ್ಯಾಲ ನನ್ನ ಬಜಿ ಊರಿಗೆಲ್ಲ ಹಂಚಿದ್ರೂ ಮಿಕ್ತೈತಿ. ನಿಮ್ಮದು ನಾಕ ಮನಿಗೂ ಸಾಲೂದಿಲ್ಲ."

ಕಾಲೇಜಿನ ಯಾವ ಸ್ಪರ್ಧೆಯಲ್ಲೂ ಅಷ್ಟು ಒಳ್ಳೆಯ ಪ್ರತಿವಾದ ಕೇಳಿರಲಿಲ್ಲ. ಅದೂ ಹೊಟ್ಟೆ ಉರಿಯಲು ಇನ್ನೊಂದು ಕಾರಣ.

"ಇವತ್ತು ಅಷ್ಟಕ್ಕಷ್ಟ" ಎಂದೆ. "ಬ್ಯಾಸಗಿ ಬಿಸಲಾಗ ಇದು ಇನ್ನೂ ಒಣಗಿ ಗಟ್ಟಿ ಆಗ್ತೈತಿ. ಆಗ ಸುತ್ತಿಗೆ ಕಮ್ಮಿ ಸವೀತೈತಿ, ಖಾರ ಮೊದಲ ಇಲ್ಲ. ಮಳಿಗಾಲದಾಗ ಥಂಡಿ ಹಿಡದು ಮತ್ತ ಮೆತ್ತಗ. ಯಾವ ದಿನ ಎಷ್ಟು ಸುತ್ತು ಅಂತ ಯಾರು ಹೇಳಾವ್ರು? ಒಂದ ಮನ್ಯಾಗ ಹಳೇ ಬಜಿ, ಹೊಸಾ ಬಜಿ ಎರಡೂ ಇದ್ರ? ಹಳೇದಕ್ಕ ನಿಮ್ಮ ಲೆಕ್ಕದಾಗ ತೇದ್ರ ಕೂಸು ಸುಟ್ಟಕೋತೈತಿ."

"ಸಪ್ಪಗಿನದರಿಂದ ಕೂಸಂತೂ ಸುಟ್ಟಕೊಂಡಿಲ್ಲಲ್ರಿ."

"ಸಪ್ಪಗಿನದು ಔಷಧ ಅನ್ನೂದಾದ್ರ ಗೆಣಸ ತೇದು ಹಾಕ್ರಿ, ವೈನಿ. ಹೊಟ್ಟಿನೂ ತುಂಬತೈತಿ."

"ನಿಮ್ಮಿಬ್ಬರ ಜಗಳದಾಗ ನನ್ನ ಕೂಸು ಹಸದೈತಿ" ಎಂದಳು ಅಕ್ಕ. "ಯಾರರೆ ಗೆಲ್ರಿ, ಲಗೂನ ಗೆಲ್ರಿ."

ಅವ್ವ ಎರಡೂ ಬಟ್ಟಲನ್ನು ಸರಿಸಿದಳು. "ಇನ್ನ ಬಜಿಗೆ ಸಲ್ಫೇಟ ಬ್ಯಾಡ" ಎಂದಳು. "ಮೆಣಸಿನಗಿಡಕ್ಕ ಹಾಕ್ರಿ, ಮಲ್ಲಿಗಿಗೆ ಹಾಕ್ರಿ. ಬಜಿ ದಪ್ಪ ಆಗಿ ನಮಗ ಏನು ಆಗಬೇಕಾಗೈತಿ? ಆಕಿ ಹೇಳೂದು ಖರೆ ಐತಿ." ಆಕಿ ಅಂದರೆ ನಾನು. ಅವ್ವ ಅಷ್ಟು ಜನರೆದುರು ನನ್ನ ಮಾತು ಖರೆ ಎಂದದ್ದು ಅದೇ ಮೊದಲು. ನಾನು ಮಡಿಲು ಹರವಿ ಕೂತೆ. ಅವ್ವ ಸಾಣೆಕಲ್ಲನ್ನು ಎರಡೂ ಕೈಯಲ್ಲಿ ಎತ್ತಿದಳು, ಮಣಿಕಟ್ಟು ನೋಯುತ್ತಿದ್ದದ್ದು ಮುಖದಲ್ಲಿ ಕಂಡಿತು. ಎತ್ತಿ ವೈನಿಯ ಮಡಿಲಲ್ಲಿಟ್ಟಳು.

"ಅವ್ವಾ, ಈಗ ನಾ ಗೆದ್ನಲ್ಲ?"

"ಗೆದ್ದಿ. ಗೆದ್ದಾಕಿಗೆ ಕಲ್ಲು ಕೊಡ್ತೀನಂತ ನಾ ಯಾವಾಗ ಅಂದಿದ್ದೆ?"

ಯಾವಾಗಲೂ ಅಂದಿರಲಿಲ್ಲ. ಗೊತ್ತುವಳಿ ಮಂಡಿಸಿದವಳು ನಾನೇ, ಬಹುಮಾನ ಇಟ್ಟವಳೂ ನಾನೇ. ಬೇರಿನ ಬಗ್ಗೆ ವಾದ ಗೆದ್ದರೆ ಕಲ್ಲು ಸಿಗುತ್ತದೆ ಎಂಬ ಕೊಂಡಿಯನ್ನು ನನ್ನ ಹೊಟ್ಟೆಕಿಚ್ಚು ತಾನಾಗಿಯೇ ಜೋಡಿಸಿತ್ತು. ಎದುರಾಳಿಯ ವಾದದಲ್ಲಿದ್ದಿದ್ದರೆ ಆ ತಪ್ಪನ್ನು ನಾನು ಕೂಡಲೇ ಹಿಡಿಯುತ್ತಿದ್ದೆ.

"ಹಂಗಾದ್ರ ಮಗಳಿಗೆ ಏನು ಕೊಟ್ಟಿ?" ಮಾವಶಿ ಕೇಳಿದಳು, ಇನ್ನೂ ಕೆಮ್ಮುತ್ತ.

"ಆಕಿಗೆ ಬಾಯಿ ಕೊಟ್ಟೀನಲ್ಲ. ಅದ ರಗಡ ಆತು."

ಎಲ್ಲರೂ ನಕ್ಕರು. ನಾನೂ ನಕ್ಕೆ, ಇಲ್ಲದಿದ್ದರೆ ಎದ್ದು ಹೋಗಬೇಕಾಗುತ್ತಿತ್ತು. ವೈನಿ ಗೋಡೆ ಬುಡದ ಸಣಕಲು ಬೇರನ್ನೇ ಎತ್ತಿಕೊಂಡು ಅವ್ವನ ಹಳೆಯ ಲೆಕ್ಕದ ಸುತ್ತು ತೇಯ್ದಳು. ಕೂಸು ಮುಖ ಕಿವುಚಿ, ಅವಳ ಬೆರಳು ಚೀಪಿ, ತೇಗಿತು. ಆ ಸಂಜೆ ಅದು ಮಲಗಿತು. ನನ್ನ ವಾದ, ಅವಳ ಬೆರಳು. ಮಾವಶಿ ಓಣಿಯಲ್ಲಿ ಹೇಳಿದ್ದು ಬೆರಳಿನ ಕತೆಯನ್ನಷ್ಟೇ.

ಮರುದಿನ ಕೊಲ್ಹಾಪುರದ ಬಸ್ಸಿಗೆ ನನ್ನನ್ನು ಬಿಡಲು ಅಣ್ಣನ ಜೊತೆ ವೈನಿಯೂ ಬಂದಳು. ಕಿಟಕಿಯಿಂದ ರೊಟ್ಟಿಯ ಗಂಟು ಕೊಟ್ಟು, "ಇನ್ನೊಮ್ಮಿ ನನ್ನ ಕೂಡ ವಾದ ಮಾಡೂದಿದ್ರ ನಾಕ ಮಂದಿ ಮುಂದ ಬ್ಯಾಡ್ರಿ, ವನ್ಸಂ" ಎಂದಳು. "ನನ್ನ ಕೂಡನ ಮಾಡ್ರಿ. ನನಗೂ ಒಂದೀಟ ಬರ್ತೈತಿ."

"ಗೊತ್ತಾತು" ಎಂದೆ. "ಭಾಳ ಬರ್ತೈತಿ."

ಬಸ್ಸು ಹೊರಟಿತು. ಗಂಟಿನ ಅರಿವೆಗೆ ಬಜೆಯ ವಾಸನೆ ಅಂಟಿತ್ತು, ಅವಳ ಬೆರಳಿನದು. ಸಂಕೇಶ್ವರ ಹೋಯಿತು, ನಿಪ್ಪಾಣಿ ಹೋಯಿತು, ನನಗೆ ಹಸಿವಾಗಿತ್ತು, ಆದರೆ ಗಂಟು ಬಿಚ್ಚಲಿಲ್ಲ. ನಾನು ಹೇಳಿದ್ದು ಸರಿಯಿತ್ತು, ಅವ್ವ ಎಲ್ಲರೆದುರು ಅದನ್ನು ಒಪ್ಪಿದ್ದಳು, ನಮ್ಮ ಹಿತ್ತಲಿನ ಬಜೆ ಇನ್ನು ಸಲ್ಫೇಟ ಉಣ್ಣುವುದಿಲ್ಲ. ಇದನ್ನೆಲ್ಲ ಒಂದೊಂದಾಗಿ ನನಗೇ ಹೇಳಿಕೊಂಡೆ. ಹೇಳಿಕೊಂಡ ಮೇಲೂ, ಕೂಸು ಚೀಪಿದ ಆ ಬೆರಳು ನನ್ನದಾಗಿರಬೇಕಿತ್ತು ಎಂಬುದು ಹಾಗೇ ಉಳಿದಿತ್ತು.